ಪೌಡರ್ ಡಬ್ಬಿಯ ತಗಡು

ಆಗೆಲ್ಲ ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಟೆಂಪೋ ಹಾರನ್ನಿಗೇ ಬೆಲೆ ಹೆಚ್ಚು. ಹೊಸೂರಿನ ಗಾರ್ಮೆಂಟ್ಸ್ ಕಂಪನಿಯ ಟೆಂಪೋ ಸೋಮವಾರ ಬಂದು, ಅಂಗಿಯ ಜೇಬಿಗೆಂದು ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಇಳಿಸುತ್ತಿತ್ತು. ಹೊಲಿದದ್ದನ್ನು ಶನಿವಾರ ಒಯ್ಯುತ್ತಿತ್ತು. ಹಳೆಯ ದನದ ಕೊಟ್ಟಿಗೆಯಲ್ಲಿ ನಾಲ್ಕು ಮೆಷಿನ್ನು. ಅಮ್ಮ, ಪಕ್ಕದ ಮನೆಯ ರತ್ನಕ್ಕ, ಇನ್ನಿಬ್ಬರು ಹೊಲಿಯುತ್ತಿದ್ದರು. ಹೊಸ ಬಟ್ಟೆಯ ಗಂಜಿ, ಮೆಷಿನ್ ಎಣ್ಣೆ, ಒಳಗೆ ಬೇಯುವ ಅವರೆಕಾಳು, ಮೂರೂ ಬೆರೆತ ವಾಸನೆಯಲ್ಲೇ ನಾನು ಮಗ್ಗಿ ಕಲಿತದ್ದು. ಚಿಂದಿ ಸುತ್ತಿದರೆ ಆಟಕ್ಕೆ ಚೆಂಡೂ ಆಗುತ್ತಿತ್ತು.

ಜೇಬಿನ ಬಾಯನ್ನು ಎರಡು ಮಡಿಕೆ ಮಾಡಿ, ಒಂದೊಂದಕ್ಕೂ ಇಸ್ತ್ರಿ ಒತ್ತಿ, ಆಮೇಲೆ ಹೊಲಿಯಬೇಕಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಅಮ್ಮನಿಗೆ ಏನೋ ಹೊಳೆಯಿತು. ಖಾಲಿ ಪೌಡರ್ ಡಬ್ಬಿ ಕತ್ತರಿಸಿ, ತಗಡನ್ನು ಸುರುಳಿಯಾಗಿ ಬಗ್ಗಿಸಿ ಸೂಜಿಯ ಮುಂದೆ ಕಟ್ಟಿದಳು. ಮೂರು ಡಬ್ಬಿ ಹಾಳುಮಾಡಿ, ಬೆರಳೆಲ್ಲ ಕುಯ್ದುಕೊಂಡ ಮೇಲೆ, ಇತ್ತ ನುಗ್ಗಿಸಿದ ಬಟ್ಟೆ ಅತ್ತ ತಾನೇ ಮಡಿಸಿಕೊಂಡು ಬರತೊಡಗಿತು. ಇಸ್ತ್ರಿಯೇ ಬೇಡ. ಶನಿವಾರದ ಮಾಲು ಬುಧವಾರಕ್ಕೇ ಮುಗಿಯಿತು.

"ಮುಗೀತು ಅಂತ ಯೋಳ್ಬ್ಯಾಡ ಕಣೆ. ಶನಿವಾರದ ಗಂಟ ಸುಮ್ಕಿರಾಣ" ಎಂದಳು ರತ್ನಕ್ಕ.

"ಬೇಗ ಕೊಟ್ರೆ ಇನ್ನೊಂದ್ ಕಟ್ಟು ಜಾಸ್ತಿ ಕೊಡ್ತಾರೆ ಬುಡಕ್ಕ" ಎಂದು ಅಮ್ಮ ಕಂಪನಿಗೆ ಫೋನ್ ಮಾಡಿಯೇಬಿಟ್ಟಳು.

ಟೆಂಪೋ ಬರಲಿಲ್ಲ. ಬೈಕಿನಲ್ಲಿ ಕಂಪನಿಯ ಚೆಕ್ಕಿಂಗ್ ಸಾರ್ ಬಂದರು. ಬಂದವರೇ ಹೊಲಿದಿಟ್ಟ ಕಟ್ಟುಗಳನ್ನು ಎಣಿಸಿದರು.

"ನಿಜ ಹೇಳ್ರಮ್ಮ. ಬೇರೆ ಮನೆಗಳಿಗೆ ಹಂಚಿ ಹೊಲಿಸಿದ್ದೀರಾ?"

ಹಾಗೆ ಹಂಚಿದವರಿಗೆ ಕಂಪನಿ ಮತ್ತೆ ಕೆಲಸ ಕೊಡುತ್ತಿರಲಿಲ್ಲ. ತಳಿ ಊರಿನ ಕಡೆ ಒಂದು ಮನೆಯವರಿಗೆ ಹಾಗೆ ಕೆಲಸ ನಿಂತುಹೋದದ್ದು ನಮಗೆಲ್ಲ ಗೊತ್ತಿತ್ತು.

"ದೇವ್ರಾಣೆ ಇಲ್ಲ ಸಾರ್. ನಾವೇ ಹೊಲ್ದಿದ್ದು."

"ನಾಲ್ಕು ಮೆಷಿನಲ್ಲಿ ಆಗಲ್ಲಮ್ಮ."

ಅಮ್ಮ ಸೆರಗಿನಡಿ ಮುಚ್ಚಿಟ್ಟುಕೊಂಡಿದ್ದ ತಗಡನ್ನು ತೆಗೆದು ಮೆಷಿನ್ನಿಗೆ ಕಟ್ಟಿ, ಅವರೆದುರೇ ಹತ್ತು ಜೇಬು ಹೊಲಿದು ತೋರಿಸಿದಳು.

"ಸೂಪರಮ್ಮಾ! ಮ್ಯಾನೇಜರ್‌ಗೆ ತೋರಿಸಿ ವಾಪಸ್ ಕೊಡ್ತೀನಿ" ಎಂದು ಸಾರ್ ತಗಡನ್ನು ಬಿಚ್ಚಿಕೊಂಡು ಬ್ಯಾಗಿಗೆ ಹಾಕಿದರು. ಅಮ್ಮ ಅವರಿಗೆ ಕಾಫಿ ಬೇರೆ ಕೊಟ್ಟಳು. ಆ ಕಾಫಿ ನೆನೆದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ಮುಂದಿನ ಸೋಮವಾರ ಕಟ್ಟುಗಳು ಬಂದವು, ತಗಡು ಬರಲಿಲ್ಲ. ಅದರ ಮುಂದಿನ ವಾರ ಅರ್ಧ ಬಂದವು. ಆಮೇಲೆ ದಿನಾ ಸ್ಕೂಲು ಬಿಟ್ಟೊಡನೆ ಓಡಿಬಂದು ಕೊಟ್ಟಿಗೆ ಇಣುಕಿದರೆ ಬರೀ ನೆಲ. ಕೊನೆಗೆ, ಅದೇ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದ ರತ್ನಕ್ಕನ ತಂಗಿ ಸುದ್ದಿ ತಂದಳು.

"ನಿನ್ ತಗಡಿನಂಗೇ ಸ್ಟೀಲಲ್ಲಿ ಮಾಡ್ಸಿ ಎಲ್ಲಾ ಮೆಷಿನ್ಗೂ ಹಾಕವ್ರೆ ಕಣಕ್ಕ. ಜೇಬು ಇನ್ಮ್ಯಾಲೆ ಅಲ್ಲೇ ಹೊಲೀತಾರಂತೆ."

ತಿಂಗಳು ಕಳೆದ ಮೇಲೆ ಕಂಪನಿ ಕಾಲರ್ ಕಳಿಸಿತು. ಒಳಮಗ್ಗುಲು ಮೇಲೆ ಮಾಡಿ ಹೊಲಿದು, ಅದರ ಮೂಲೆಗಳನ್ನು ಕಡ್ಡಿಯಿಂದ ಒಂದೊಂದಾಗಿ ಚುಚ್ಚಿ ಹೊರಗೆ ತಿರುವುವ ನಿಧಾನದ ಕೆಲಸ. ಎರಡನೇ ದಿನವೇ ಅಮ್ಮ ಮೂಲೆಯೊಳಗೆ ಒಂದೆಳೆ ದಾರವಿಟ್ಟು ಹೊಲಿದು, ಎಳೆದಳು. ಮೂಲೆ ಟಪ್ಪೆಂದು ಹೊರಬಂತು. ನಾನು ಚಪ್ಪಾಳೆ ತಟ್ಟಿದೆ. ಅವಳು ದಾರ ಕಿತ್ತೆಸೆದು ಕಡ್ಡಿ ಎತ್ತಿಕೊಂಡಳು.

"ಹಂಗ್ ಮಾಡುದ್ರೆ ಬೇಗ ಆಯ್ತದಲ್ಲಮ್ಮ?"

"ಆಯ್ತದೆ. ಅದ್ಕೇ ಬ್ಯಾಡ."

ಕಣ್ಣು ಮಂಜಾಗಿ ಮೆಷಿನ್ ಮಾರುವವರೆಗೂ ಅಮ್ಮ ಕಾಲರ್ ಹೊಲಿದಳು. ಆ ವರ್ಷಗಳಲ್ಲಿ ಅವಳಿಗೆ ಇನ್ನೇನೇನು ಹೊಳೆದಿತ್ತೋ, ನನಗೆ ಗೊತ್ತಿಲ್ಲ. ಒಂದೊಂದು ಮೂಲೆಯನ್ನೂ ಕಡ್ಡಿಯಲ್ಲೇ ತಿರುವಿದಳು.