ಅರವತ್ತೆರಡು ಮೀಟರ್

ನಮ್ಮ ಯಜಮಾನರು ಮುನಿಕೃಷ್ಣ. ಸರ್ಜಾಪುರದ ಕಡೆಯವರು. ವೈಟ್‌ಫೀಲ್ಡ್ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದರು. ಕೋಪ ಜಾಸ್ತಿ. ಸುಳ್ಳು ಹೇಳಲು ಬಾರದ ಮನುಷ್ಯ ಎಂದುಕೊಂಡಿದ್ದೆ. ಹೋದ ವರ್ಷ ಶ್ರಾವಣದಲ್ಲಿ ಎದೆನೋವು ಬಂದು ತೀರಿಕೊಂಡರು.

ನಮ್ಮ ಮಗಳು ಶಾಂತಿ ಎರಡು ವರ್ಷಕ್ಕೇ ಜ್ವರದಲ್ಲಿ ಹೋದಳು. ನಮ್ಮ ಹೊಲದಲ್ಲೇ ಮಣ್ಣು ಮಾಡಿ ಒಂದು ಕಲ್ಲು ನೆಟ್ಟೆವು. ಆಮೇಲೆ ಮಾವ ಹೊಲ ಮಾರಿದರು. ಅಪಾರ್ಟ್‌ಮೆಂಟ್ ಕಟ್ಟಲು ಜೆಸಿಬಿ ಬರುವ ಹಿಂದಿನ ದಿನ ಇವರು ಆ ಕಲ್ಲಿನ ಹತ್ತಿರ ಫೋನ್ ಎತ್ತಿ ಹಿಡಿದು ನಿಂತರು. ಆಗ ಹೊಸದಾಗಿ ಬಂದಿದ್ದ, ಜಿಪಿಎಸ್ ಇರುವ ಬಟನ್ ಫೋನ್ ಅದು.

“ಆಕಾಶದಾಗೆ ಏನ್ ನೋಡ್ತೀರ? ಮಗು ಕೆಳಗದೆ,” ಎಂದು ಬೈದೆ.

“ಸುಮ್ಕಿರು, ಸ್ಯಾಟಲೈಟ್ ಸಿಗ್ಲಿ.” ಬಟನ್ ಒತ್ತಿದರು. “ಆಯ್ತು. ಇನ್ನು ಕಲ್ಲು ಕಿತ್ತಾಕ್ಲಿ, ಬೆಟ್ಟಾನೇ ಕಟ್ಲಿ. ಇವ್ಳು ಎಲ್ಲವ್ಳೆ ಅಂತ ಇದು ಏಳ್ತದೆ.”

ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಹೋಗಿ ಎಡೆ ಇಡುತ್ತಿದ್ದೆವು. ಅಪಾರ್ಟ್‌ಮೆಂಟಿನ ಗೋಡೆಯ ಹೊರಗೆ ಒಂದು ಹೊಂಗೆ ಮರ. ಇವರು ಫೋನ್ ನೋಡಿ “ಇಲ್ಲೇ ಕಣೇ” ಎನ್ನುತ್ತಿದ್ದರು. ಸದ್ಯ, ಮಗಳು ಗೋಡೆಯ ಹೊರಗೆ ಉಳಿದಳಲ್ಲ ಎಂದು ನಾನು ಕೈಮುಗಿಯುತ್ತಿದ್ದೆ.

ಇವರು ತೀರಿಕೊಂಡ ವರ್ಷ ನಾನು ಎಡೆ ಇಡಲು ಹೋಗಲಿಲ್ಲ. ಈ ವರ್ಷ ಹೋದರೆ ರಸ್ತೆ ಅಗಲ ಮಾಡಿ ಮರ ಕಡಿದಿದ್ದರು. ಉದ್ದಕ್ಕೂ ಒಂದೇ ಗೋಡೆ. ಜಾಗ ತಿಳಿಯಲಿಲ್ಲ. ಇವರ ಆ ಹಳೇ ಫೋನಿಗೆ ಬ್ಯಾಟರಿ ಹಾಕಿಸಿದೆ. ಮೊಬೈಲ್ ಅಂಗಡಿಯ ರಾಜೇಂದ್ರ, ಇವರು ಅದರಲ್ಲಿ ಗುರುತು ಮಾಡಿಟ್ಟಿದ್ದ ಜಾಗ ತೆಗೆದುಕೊಟ್ಟ.

“ಬಾಣ ನೋಡ್ಕೊಂಡು ನಡೀರಿ ಅಕ್ಕ. ಮೀಟರ್ ಕಮ್ಮಿ ಆಗ್ತಾ ಬರ್ತದೆ. ಸೊನ್ನೆ ಆದ್ರೆ ಅದೇ ಜಾಗ.”

ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಗೋಡೆ ಹಿಡಿದು ನಡೆದೆ. ತೊಂಬತ್ತು, ಎಪ್ಪತ್ತು, ಅರವತ್ತೆರಡು. ಮುಂದೆ ಹೋದರೆ ಅಂಕಿ ಏರಿತು. ಹಿಂದಕ್ಕೆ ಬಂದೆ. ಮತ್ತೆ ಅರವತ್ತೆರಡು. ಬಾಣ ಗೋಡೆಯ ಒಳಕ್ಕೆ ತೋರಿಸುತ್ತಿತ್ತು. ಕಾಲ ಬಳಿ, ಡಾಂಬರಿನ ಅಂಚಿನಲ್ಲಿ, ಹೊಂಗೆಯ ಬೊಡ್ಡೆ.

ಗೇಟಿಗೆ ಹೋದೆ.

“ಯಾರ ಮನೆಗೆ ಅಕ್ಕ?” ಸೆಕ್ಯೂರಿಟಿಯವನು ಕೇಳಿದ.

“ನನ್ ಮಗ್ಳು ಒಳಗವ್ಳೆ.”

“ಫ್ಲಾಟ್ ನಂಬರ್ ಹೇಳಿ. ಅವ್ರು ಹೂಂ ಅಂದ್ರೆ ಬಿಡ್ತೀನಿ.”

ವಾಪಸ್ ಬಂದೆ.

ಬೊಡ್ಡೆಯ ಹತ್ತಿರ ಎರಡು ಎಲೆ ಹಾಕಿದೆ. ಮಗಳಿಗೆ ಹಾಲು, ಕಡುಬು. ಅವರಿಗೆ ಮುದ್ದೆ, ಸಾರು. ಬಡಿಸುತ್ತಾ ಬೈದೆ.

“ಇಷ್ಟು ವರ್ಷ ಇದನ್ನ ಒಬ್ರೇ ಯಾಕೆ ಮನಸ್ನಾಗೆ ಇಟ್ಕೊಂಡ್ರಿ? ನಂಗೂ ಏಳ್ಬೋದಿತ್ತಲ್ಲ.”

ಮಗಳ ಎಲೆಯನ್ನು ಗೋಡೆಗೆ ತಾಗುವ ಹಾಗೆ ತಳ್ಳಿದೆ.