ರೊಟ್ಟಿಯವಳ ಖುಲಾಸೆ

ಸಿಂದಗಿಯ ಬಸ್ ನಿಲ್ದಾಣದ ಎದುರಿಗೆ, ಗೊಬ್ಬರದಂಗಡಿಯ ಮೇಲಿನ ಒಂದು ಖೋಲಿಯಲ್ಲಿ ಕೂತು ನಾನು ಜಗತ್ತಿನ ಮಾನವ ಹಕ್ಕುಗಳ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಕೆಳಗೆ ಕಂಡಕ್ಟರುಗಳು "ಗುಲ್ಬರ್ಗಾ, ಗುಲ್ಬರ್ಗಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮೇಲೆ ನಾನು ಯೂರಿಯಾ ವಾಸನೆ ಕುಡಿಯುತ್ತ, ಯಾವುದೋ ದೇಶದ ನ್ಯಾಯಾಧೀಶರು ಯಾವುದೋ ಆರೋಪಿಯ ಪರವಾಗಿ ಬರೆದ ಮಾತುಗಳಿಗೆ ಝೆರಾಕ್ಸ್ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಗಲು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ, ಸಂಜೆ ಪ್ರಬಂಧ. ಒಂದು ಪುಸ್ತಕ ಬೇಕೆಂದರೂ ಧಾರವಾಡದ ಬಸ್ಸು ಹಿಡಿಯಬೇಕಿತ್ತು.

ಆಗ ನಮ್ಮ ಕೋರ್ಟಿನಲ್ಲಿ ಕರಿಕೋಟು ಹಾಕುವ ಹೆಂಗಸು ನಾನೊಬ್ಬಳೇ. ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಒಳ್ಳೆಯವರು, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ವಕೀಲರ ಕೋಣೆಗೆ ಕಾಲಿಟ್ಟರೆ ಸಾಕು, "ಏನ ತಂಗಿ, ಜಿನೀವಾದಾಗ ಮಳಿ ಆತೇನು?" ಎಂದು ಕೇಳುವರು. ಎಲ್ಲರೂ ಹೋ ಎಂದು ನಗುವರು. "ಆಗೇತ್ರಿ, ಸಿಂದಗಿಗೂ ಒಂದೀಟು ಕಳಸ್ತೇವಿ ಅಂದಾರ" ಎಂದು ನಾನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ಅವರವರ ಕಬ್ಬು, ತೊಗರಿ, ಹೊಲದ ಹದ್ದಿನ ತಂಟೆಯ ಮಾತು. ನಾನು ಓದಿದ್ದನ್ನು ಕೇಳುವ ಒಂದು ಕಿವಿ ಆ ಊರಿನಲ್ಲಿ ಇರಲಿಲ್ಲ. ಮದುವೆಯಾಗಿಲ್ಲವಲ್ಲ, ಅದಕ್ಕೇ ಈಕೆಗೆ ಒಂಟಿ ಅನ್ನಿಸುತ್ತದೆ ಎಂದು ಜನ ತಿಳಿದಿದ್ದರು. ಅವರ ತಲೆ! ನನಗೆ ಗಂಡ ಬೇಕಿರಲಿಲ್ಲ, ಮಾತಾಡಲು ಒಬ್ಬರು ಬೇಕಿತ್ತು.

ನನ್ನ ಪ್ರಬಂಧದ ವಿಷಯ ಹೇಳಲು ಸರಳ. ತಪ್ಪು ಸಾಬೀತಾಗುವ ತನಕ ಆರೋಪಿಯನ್ನು ನಿರಪರಾಧಿ ಎಂದೇ ನಡೆಸಿಕೊಳ್ಳಬೇಕು. ನಾನು ತಪ್ಪು ಮಾಡಿಲ್ಲ ಎಂದು ತೋರಿಸುವ ಭಾರ ಅವನ ಮೇಲೆ ಬೀಳಬಾರದು. ದೇಶದೇಶಗಳು ಕೂಡಿ ಒಪ್ಪಂದ ಮಾಡಿಕೊಂಡು ಸಹಿ ಹಾಕಿದ ಮಾತು ಇದು. ಈ ನಂಬಿಕೆ ಕೋರ್ಟಿನ ಬಾಗಿಲಿಗೇ ಮುಗಿಯಬಾರದು, ಖುಲಾಸೆಯಾಗಿ ಹೊರಬಂದವರ ಬೆನ್ನ ಹಿಂದೆಯೂ ಅದು ಹೋಗಬೇಕು ಎಂಬುದು ನನ್ನ ವಾದ. ಅದರ ಕೊನೆಯ ಅಧ್ಯಾಯ ಬರೆಯುತ್ತಿದ್ದಾಗಲೇ ಪಕ್ಕದ ಹಳ್ಳಿ ಕನ್ನೊಳ್ಳಿಯ ರೊಟ್ಟಿಯವಳ ಕೇಸು ನನ್ನ ಕೈಗೆ ಬಂತು.

ನಮ್ಮ ಕಡೆ ಮದುವೆಮನೆ ಎಂದರೆ ರೊಟ್ಟಿ. ಹಿತ್ತಲಲ್ಲಿ ಸಾಲಾಗಿ ಒಲೆ ಹೂಡಿ ನಾಲ್ಕೈದು ಹೆಣ್ಣುಮಕ್ಕಳು ಕೂತು ಬಡಿಯಲು ಸುರು ಮಾಡಿದರೆ ಓಣಿಗೆಲ್ಲ ಕೇಳುತ್ತದೆ. ಇವಳು ಅಂಥ ಒಂದು ಗುಂಪಿನಲ್ಲಿ ಪ್ರಾಯದಿಂದಲೂ ಕೂತವಳು, ಐವತ್ತರ ಆಸುಪಾಸಿನ ವಿಧವೆ. ಸಿಂದಗಿಯ ಒಂದು ಮದುವೆಮನೆಯಲ್ಲಿ ಮದುಮಗಳ ತಾಯಿ ಸ್ನಾನಕ್ಕೆ ಹೋಗುವಾಗ ಚಿನ್ನದ ಬೋರಮಾಳ ಸರ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಿದ್ದಳಂತೆ. ಬಂದು ನೋಡಿದರೆ ಸರ ಇಲ್ಲ. ಉಪ್ಪು ಕೇಳಲು ಒಳಗೆ ಹೋಗಿದ್ದವಳು ಇವಳೇ ಎಂದು ಯಾರೋ ಅಂದರು. ಪೊಲೀಸರು ಬಂದರು, ಠಾಣೆಗೆ ಒಯ್ದರು. ಸರ ಮಾತ್ರ ಎಲ್ಲೂ ಸಿಗಲಿಲ್ಲ.

ಮೊದಲ ಸಲ ನನ್ನ ಖೋಲಿಗೆ ಬಂದಾಗ ಅವಳು ಜೈಲಿನ ಮಾತೇ ಎತ್ತಲಿಲ್ಲ. "ಅಕ್ಕಾರ, ನನ್ನ ಮತ್ತ ಆ ಸಾಲಿನಾಗ ಕುಂಡ್ರಸ್ರಿ, ಅಷ್ಟ ಮಾಡ್ರಿ" ಅಂದಳು. ಜೊತೆಯವರು ಅವಳನ್ನು ಬಿಟ್ಟಿದ್ದರು. ನಿನ್ನ ಜೋಡಿ ಕುಂತರೆ ನಮ್ಮನ್ನೂ ಯಾರೂ ಕರೆಯುವುದಿಲ್ಲ ಎಂದು ಮುಖಕ್ಕೇ ಹೇಳಿದ್ದರು. "ಹೊಟ್ಟಿಗೇನು, ಕಸಾ ತಗದರೂ ತುಂಬತೈತ್ರಿ. ಆದ್ರ ಒಬ್ಬಾಕೇ ಮನ್ಯಾಗ ಕುಂತು ಎರಡ ರೊಟ್ಟಿ ಬಡಿಯೂದಂದ್ರ ಕೈನ ಏಳಂಗಿಲ್ರಿ. ಮಾತಿಲ್ಲ, ಕತಿಯಿಲ್ಲ." ಇವಳಿಗೆ ಇದನ್ನು ಹೇಳಲು ಬರುತ್ತದಲ್ಲ, ನನಗೆ ಬರುವುದಿಲ್ಲವಲ್ಲ ಎಂದು ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು.

ಕೇಸು ಬೇಗ ಮುಗಿಯಲಿಲ್ಲ, ನಮ್ಮಲ್ಲಿ ಯಾವುದು ಮುಗಿಯುತ್ತದೆ? ಆದರೆ ಅದರಲ್ಲಿ ಹುರುಳಿರಲಿಲ್ಲ. ಸರ ತೆಗೆದದ್ದನ್ನು ಕಂಡವರಿಲ್ಲ, ಪಂಚರು ಕಟಕಟೆಯಲ್ಲಿ ನಿಂತು ನಮಗೇನೂ ಗೊತ್ತಿಲ್ಲ ಎಂದರು. ನ್ಯಾಯಾಧೀಶರು ಎಲ್ಲರೂ ಬರೆಯುವಂತೆಯೇ ತೀರ್ಪು ಬರೆದರು: ಆರೋಪಿಗೆ ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಲಾಗಿದೆ. ನಾನು ಹಿಗ್ಗಿ ಹೀರೇಕಾಯಿಯಾಗಿ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದವಳ ಹತ್ತಿರ ಓಡಿದೆ.

"ಅಂದ್ರ ನಾ ಕದ್ದಿಲ್ಲಂತ ಬರದಾರೇನ್ರಿ?" ಅವಳು ಕೇಳಿದಳು.

"ಕದ್ದೀ ಅಂತ ಸಾಬೀತಾಗಿಲ್ಲ ಅಂತ ಬರದಾರ. ಅವರಿಗೆ ಸಂಶಯ ಬಂದ್ರ, ಅದರ ಲಾಭ ನಿನಗ ಕೊಡಬೇಕು. ಕಾಯದೆ ಹಂಗ ಐತಿ."

"ಅಂದ್ರ ಸಂಶಯ ಐತಿ."

"ಯವ್ವಾ, ನೀ ಬಿಡುಗಡಿ ಆದಿ!"

"ಹೌದ್ರಿ, ಆದ್ನಿ. ಆದ್ರ ಕನ್ನೊಳ್ಳ್ಯಾಗ ಏನಂತ ಹೇಳ್ಲಿ?"

ನಾನು ಸಿಟ್ಟಿನಿಂದ ಏನೇನೋ ಅಂದೆ. ಕನ್ನೊಳ್ಳಿಯಲ್ಲಿ ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದರಂತೆ. ಸುಗ್ಗಿ ಹೋಯಿತು, ಲಗ್ನಸರಾಯಿ ಬಂತು. ಒಂದು ಮನೆಯವರೂ ಅವಳನ್ನು ರೊಟ್ಟಿಗೆ ಕರೆಯಲಿಲ್ಲ.

ಆಗಲೇ ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ತಮ್ಮನ ಮದುವೆ ಗೊತ್ತಾಯಿತು. ಹೆಣ್ಣು ಮುದ್ದೇಬಿಹಾಳದವಳು. ಬಾಗೇವಾಡಿಯ ರೊಟ್ಟಿಯವರಿಗೆ ಇವಳ ಕಥೆ ಗೊತ್ತಿರಲಿಲ್ಲ. ಅವರ ಸಾಲಿನಲ್ಲಿ ಇವಳನ್ನೂ ಕೂಡಿಸುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. "ನಿನ್ನ ಕೋರ್ಟಿನ ಮಂದೀನ್ನೆಲ್ಲ ಮದಿವಿಮನಿಗೆ ತರತೀಯೇನ? ದಾಗೀನ ಎಲ್ಲಿಡ್ಲಿ ನಾ?" ಅಂದಳು. ನಾನು ಹಠ ಹಿಡಿದೆ. ಆಕೆ ಬರದಿದ್ದರೆ ನಾನೂ ಮದುವೆಗೆ ಬರುವುದಿಲ್ಲ ಎಂದೆ. ಪ್ರಬಂಧದಲ್ಲಿ ಬರೆದದ್ದನ್ನು ಒಂದು ಮನೆಯಲ್ಲಾದರೂ, ಅದೂ ನನ್ನ ಮನೆಯಲ್ಲಿ, ಮಾಡಿ ತೋರಿಸಬೇಕೆಂಬ ಹುಚ್ಚು ಹತ್ತಿತ್ತು ನನಗೆ.

ಅವಳು ಬಂದಳು. ಹಿತ್ತಲಲ್ಲಿ ಐದು ಒಲೆ, ಐದು ಹಂಚು. ಒಂದು ಗಳಿಗೆ ಮೈ ಹಿಡಿ ಮಾಡಿಕೊಂಡು ಕೂತಳು, ಆಮೇಲೆ ಕೈ ಬಿಚ್ಚಿತು ನೋಡಿ! ಬಾಗೇವಾಡಿಯವರು, "ಏ ಕನ್ನೊಳ್ಳೆಕ್ಕಾ, ಸಾವಕಾಶ ಬಡಿಯವಾ, ನೆಲಾ ಬಿರದೀತು" ಎಂದು ಕೀಟಲೆ ಮಾಡಿದರು. ಅವಳು ನಕ್ಕಳು. ಅವಳ ನಗು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾನು ಬಹಳ ಹೊತ್ತು ನೋಡಿದೆ, ಬಂದ ನೆಂಟರನ್ನು ಮಾತಾಡಿಸುವುದನ್ನೂ ಮರೆತೆ.

ಮದುವೆ ಮುಗಿದ ದಿನ ರೊಟ್ಟಿಯವರಿಗೆ ಕುಪ್ಪಸದ ಖಣ, ಬೂಂದಿ, ನಾಲ್ಕು ರೊಟ್ಟಿ ಕೊಟ್ಟು ಕಳಿಸುವ ಹೊತ್ತು. ಅವ್ವ, ಬೀಗಿತ್ತಿ, ಇನ್ನೂ ಒಂದಿಷ್ಟು ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ನಮ್ಮ ಕನ್ನೊಳ್ಳಿಯವಳು ಎಲ್ಲರ ನಡುವೆ ಬಂದು ಗಂಟು ಕೆಳಗಿಟ್ಟು, ಬಿಚ್ಚಿದಳು. ಖಣ ಎತ್ತಿ ಝಾಡಿಸಿದಳು. ಎಲೆಯಡಿಕೆಯ ಸಂಚಿ ತಿರುವಿ ಹಾಕಿದಳು. ಸೆರಗು ಕೊಡವಿ, ಉಡಿ ಬಿಚ್ಚಿ ತೋರಿಸಿದಳು. "ನೋಡ್ರಿ ಅವ್ವಾರ, ಎಲ್ಲಾರೂ ನೋಡ್ರಿ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಕಟ್ಟು ಗಂಟು! ಯಾರ ಕೇಳಿದ್ರು ನಿನ್ನ? ಯಾರರ ಬಾಯಿ ಬಿಟ್ಟಾರೇನಿಲ್ಲಿ?" ಎಂದು ಕಿರುಚಿದೆ.

"ಯಾರೂ ಕೇಳಿಲ್ರಿ ಅಕ್ಕಾರ. ನಾಳೆ ಕೇಳಿದ್ರ?"

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಂಡಂಗಾತು" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಅವ್ವ ಮಾತ್ರ ಅವಳ ಉಡಿಗೆ ಇನ್ನೊಂದು ಹಿಡಿ ಬೂಂದಿ ಹಾಕಿದಳು. ಅವ್ವನ ಮುಖ ಹಗುರಾಗಿತ್ತು. ಬೀಗಿತ್ತಿಯೂ ಮೆಚ್ಚಿ ತಲೆದೂಗಿದಳು. ನನ್ನ ತೀರ್ಪಿನ ನಕಲು, ನನ್ನ ವಾದ ಯಾವುದೂ ಮಾಡದ ಕೆಲಸವನ್ನು ಅವಳು ಸೆರಗು ಕೊಡವಿ ಮಾಡಿಕೊಂಡಿದ್ದಳು. ನಾನು ಹಿತ್ತಲಿಗೆ ಹೋಗಿ ಆರಿದ ಒಲೆಗಳ ಹತ್ತಿರ ಕೂತು ಅತ್ತೆ.

ಮರುವರ್ಷ ಧಾರವಾಡದಲ್ಲಿ ನನ್ನ ಮೌಖಿಕ ಪರೀಕ್ಷೆ ಆಯಿತು. ಪರೀಕ್ಷಕರು ಚೆನ್ನಾಗಿದೆ ಎಂದರು, ಕೈ ಕುಲುಕಿದರು. ಪೇಡೆಯ ಡಬ್ಬಿ ಹಿಡಿದುಕೊಂಡು ಒಬ್ಬಳೇ ಬಸ್ಸಿನಲ್ಲಿ ಸಿಂದಗಿಗೆ ಬಂದೆ. "ಡಾಕ್ಟರ್ ಆದೇನ ತಂಗಿ? ನನ್ನ ಮೊಣಕಾಲ ನೋವಿಗೆ ಏನರ ಕೊಡು" ಎಂದರು ಹಿರಿಯ ವಕೀಲರು. ಎಲ್ಲರೂ ನಕ್ಕು ಪೇಡೆ ತಿಂದರು. ಪ್ರಬಂಧದೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಖೋಲಿಗೆ ಬಂದು ಬಾಗಿಲು ಹಾಕಿಕೊಂಡೆ.

ಅದೇ ಬೇಸಿಗೆಯಲ್ಲಿ ತಮ್ಮನ ಹೆಂಡತಿಯ ತಂಗಿಯ ಮದುವೆ, ಮುದ್ದೇಬಿಹಾಳದಲ್ಲಿ. ಬೀಗಿತ್ತಿ ನಮ್ಮ ಮನೆಯ ರೊಟ್ಟಿ ಮೆಚ್ಚಿ ಆ ಐವರನ್ನೂ ಕರೆಸಿದ್ದಳು. ನಾನು ಹಿತ್ತಲಿಗೆ ಹೋದಾಗ ಕೆಲಸ ಮುಗಿದಿತ್ತು. ಬೀಗಿತ್ತಿ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ರೊಟ್ಟಿಯವರು ಒಬ್ಬೊಬ್ಬರೇ ಮುಂದೆ ಬಂದು ಗಂಟು ಬಿಚ್ಚಿ, ಸಂಚಿ ತಿರುವಿ, ಸೆರಗು ಕೊಡವಿ ಹೊರಗೆ ಹೋಗುತ್ತಿದ್ದರು. ಐದೂ ಮಂದಿ.

"ಇವರ ಮ್ಯಾಲ ಏನರ ಆರೋಪ ಐತೇನ್ರಿ?" ಎಂದೆ.

"ಆರೋಪ ಯಾಕಂತೀರಿ? ರಿವಾಜು. ನಿಮ್ಮ ಮನ್ಯಾಗ ಕಂಡಿದ್ದು, ಛಲೋ ಅನಸ್ತು" ಅಂದಳು ಬೀಗಿತ್ತಿ. ನಮ್ಮ ಊರಲ್ಲೂ ಈಗ ನಾಲ್ಕು ಮನೆಯವರು ಹಾಗೇ ಮಾಡುತ್ತಾರೆ ಎಂದು ಸೇರಿಸಿದಳು.

ನಾನು ಬೀದಿಗೆ ಓಡಿದೆ. ಅವರು ಟೆಂಪೋ ಕಾಯುತ್ತ ನಿಂತಿದ್ದರು. ಕನ್ನೊಳ್ಳಿಯವಳನ್ನು ತೋಳು ಹಿಡಿದು ಬದಿಗೆ ಕರೆದೆ. "ಏನ ಇದು? ನೀ ಒಬ್ಬಾಕಿ ಮಾಡಿದ್ದು, ಈಗ ಎಲ್ಲಾರ ಕೊರಳಿಗೆ ಬಿತ್ತಲ್ಲ! ನಿನಗ ಏನೂ ಅನಸಂಗಿಲ್ಲೇನು?"

ಅವಳು ನನ್ನ ಮುಖವನ್ನೇ ನೋಡಿದಳು. ನನ್ನನ್ನು ಸಮಾಧಾನ ಮಾಡುವವಳಂತೆ ಕೈಮೇಲೆ ಕೈಯಿಟ್ಟಳು.

"ನಾ ಒಬ್ಬಾಕೇ ಬಿಚ್ಚಿದಾಗ ಭಾಳ ಸಂಕಟ ಆಗಿತ್ರಿ ಅಕ್ಕಾರ. ಈಗ ಎಲ್ಲಾರೂ ಬಿಚ್ಚತಾರ. ಈಗ ನಾ ಒಬ್ಬಾಕಿ ಅಲ್ರಿ."

ಟೆಂಪೋ ಬಂತು. ಒಳಗಿನಿಂದ ಯಾರೋ, "ಬಾ ಎಕ್ಕಾ, ನಡಕ ಜಾಗಾ ಐತಿ" ಎಂದು ಕೂಗಿದರು. ಅವಳು ಹತ್ತಿ, ಅವರ ನಡುವೆ ಒತ್ತಿಕೊಂಡು ಕೂತಳು.