ಒಂಬತ್ತು ಇಂಚಿನ ಗೋಡೆ

ನನ್ನ ಕೆಲಸಕ್ಕೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಕೂಡ್ಲಿಗಿಯ ತಾಲ್ಲೂಕು ಕಚೇರಿಯ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡು ಕುಳಿತಿದ್ದವಳು ನಾನು. ಬಾಡಿಗೆ ಕರಾರು ಟೈಪ್ ಮಾಡಿಸಲು ಬಂದವರು, "ಅಕ್ಕಾರ, ಎಲ್ಲ್ಯಾರ ಒಂದು ಛಲೋ ಜಾಗ ಇದ್ರ ಹೇಳ್ರಿ" ಎಂದು ಕೇಳತೊಡಗಿದರು. ಹೇಳತೊಡಗಿದೆ. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂರುಗಳಲ್ಲಿ ಯಾವ ಕಂಪನಿಯ ಆಫೀಸು ಎಲ್ಲಿಂದ ಎಲ್ಲಿಗೆ ಹೋದರೂ ಹೆಚ್ಚುಕಡಿಮೆ ನನ್ನ ಕೈಯಿಂದಲೇ ಹೋಗಬೇಕು. ಜಾಗ ಹುಡುಕುತ್ತೇನೆ, ಕರಾರು ಬರೆಯುತ್ತೇನೆ, ಹನ್ನೊಂದು ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡುತ್ತೇನೆ. ಹೋಗುವಾಗ ಮೇಜು ಕುರ್ಚಿ ಲಾರಿ ಹತ್ತಿಸಿ, ಬೀಗದ ಕೈ ಮಾಲೀಕರಿಗೆ ಒಪ್ಪಿಸಿ, ಸಹಿ ಹಾಕಿಸಿಕೊಳ್ಳುತ್ತೇನೆ. ಬ್ರೋಕರ್ ಅಂದರೆ ನನಗೆ ಸಿಟ್ಟು ಬರುತ್ತದೆ.

ಕಟ್ಟಡಗಳ ಮೇಲೆ ನನಗೆ ಮಮತೆ ಇಲ್ಲ. ಇದ್ದರೆ ಈ ಕೆಲಸ ಆಗುವುದಿಲ್ಲ. ಮಂಗಳವಾರ ಖಾಲಿ ಮಾಡಬಾರದು ಎನ್ನುತ್ತಾರೆ, ಅಮಾವಾಸ್ಯೆ ದಾಟಲಿ ಎನ್ನುತ್ತಾರೆ, ಹೊಸ ಆಫೀಸಿನಲ್ಲಿ ಕರೆಂಟಿನ ಒಲೆಯ ಮೇಲಾದರೂ ಹಾಲು ಉಕ್ಕಲೇಬೇಕು ಎನ್ನುತ್ತಾರೆ. ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ. ನನಗೆ ನಂಬಿಕೆ ಇರುವುದು ಕರಾರಿನ ಮೇಲೆ. ಬರೆದದ್ದು ಇರುತ್ತದೆ, ಬರೆಯದೇ ಇದ್ದದ್ದು ಇರುವುದಿಲ್ಲ. ಹಾಗಂತ ಎಲ್ಲರಿಗೂ ಭಾಷಣ ಬಿಗಿಯುತ್ತಿದ್ದೆ, ಕೊಟ್ಟೂರಿನ ಆ ಗೋಡೆಯ ಪ್ರಸಂಗ ಆಗುವವರೆಗೆ.

ಕೊಟ್ಟೂರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದಾರೆ. ವ್ಯಾಪಾರದ ಮನೆತನ. ತಂದೆ ಕಟ್ಟಿಸಿದ ದೊಡ್ಡ ಮಳಿಗೆಯನ್ನು ಪಾಲು ಮಾಡಿಕೊಂಡು ನಟ್ಟನಡುವೆ ಗೋಡೆ ಎಬ್ಬಿಸಿದ್ದರು. ಆ ಗೋಡೆಯ ದಪ್ಪ ಒಂಬತ್ತು ಇಂಚು. ಅದು ಯಾರ ಪಾಲಿನ ಜಾಗದಲ್ಲಿ ನಿಂತಿದೆ ಎಂಬ ಮಾತಿಗೆ ಮಾತು ಬೆಳೆದು, ಕಡೆಗೆ ಮಾತೇ ನಿಂತುಹೋಯಿತು. ಮದುವೆ, ಮುಂಜಿ, ಮಣ್ಣು, ಎಲ್ಲದಕ್ಕೂ ಇಬ್ಬರೂ ಬರುತ್ತಿದ್ದರು, ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ನಾನು ಅವರನ್ನು ಕಂಡಾಗ ಮಾತು ಬಿಟ್ಟು ಎಂಟು ವರ್ಷವಾಗಿತ್ತು.

ಹನಿ ನೀರಾವರಿಯ ಪೈಪು ಮಾರುವ ಕಂಪನಿಯೊಂದಕ್ಕೆ ಕೊಟ್ಟೂರಿನಲ್ಲಿ ದೊಡ್ಡ ಹಾಲ್ ಬೇಕಾಗಿತ್ತು. ಆ ಎರಡು ಪಾಲು ಸೇರಿದರೆ ಮಾತ್ರ ಆಗುವಂಥದ್ದು. ಬೆಳಿಗ್ಗೆ ಅಣ್ಣನ ಮನೆ, ಮಧ್ಯಾಹ್ನ ತಮ್ಮನ ಅಂಗಡಿ, ಹೀಗೆ ವಾರಗಟ್ಟಲೆ ತಿರುಗಿದೆ. ಅಣ್ಣ ಕೇಳುತ್ತಿದ್ದರು, "ಅವ ಒಪ್ಪ್ಯಾನೇನ್ರಿ?" ತಮ್ಮನೂ ಅದನ್ನೇ ಕೇಳುತ್ತಿದ್ದರು. ಇಬ್ಬರಿಗೂ ಒಪ್ಪಿದ್ದಾರೆ ಎಂದೆ. ಆ ಹೊತ್ತಿಗೆ ಇಬ್ಬರೂ ಒಪ್ಪಿರಲಿಲ್ಲ. ಕೆಲಸದಲ್ಲಿ ಇಷ್ಟು ಸುಳ್ಳು ನಡೆಯುತ್ತದೆ.

ಎರಡು ಕರಾರು ಬರೆದೆ, ಎರಡರಲ್ಲೂ ಒಂದೇ ಷರತ್ತು. ಕಂಪನಿ ಖಾಲಿ ಮಾಡುವಾಗ ನಡುವಿನ ಗೋಡೆಯನ್ನು ಮೊದಲಿದ್ದ ಜಾಗದಲ್ಲೇ, ಒಂಬತ್ತು ಇಂಚು ದಪ್ಪದಲ್ಲೇ, ಎರಡೂ ಕಡೆ ಗಿಲಾವು ಮಾಡಿ ಸುಣ್ಣ ಬಳಿದು ಕಟ್ಟಿಕೊಡತಕ್ಕದ್ದು. ಅಣ್ಣ ಟೇಪು ಹಿಡಿದು ಬಾಗಿಲ ಚೌಕಟ್ಟಿನಿಂದ ಅಳತೆ ತೆಗೆದರು. ಅವರು ಹೋದ ಮೇಲೆ ತಮ್ಮ ಬಂದು ಅದೇ ಅಳತೆಯನ್ನು ಇನ್ನೊಂದು ಕಡೆಯಿಂದ ತೆಗೆದರು. ಎರಡೂ ಕೂಡಿದವು. ಗೋಡೆ ಒಡೆದರು.

ಕಂಪನಿಯವರು ಬಾಗಿಲ ಹತ್ತಿರ ಗಿರಾಕಿಗಳಿಗೆಂದು ಮೂರು ಸೀಟಿನ ಸ್ಟೀಲ್ ಬೆಂಚು ಹಾಕಿದರು. ಮೊದಲನೇ ವಾರವೇ ಅಣ್ಣ ಬಂದರು. ಮಾಳಿಗೆ ಸೋರುತ್ತದೇನೋ ನೋಡಬೇಕು ಎಂದರು. ಬೇಸಿಗೆ ಅದು, ಮಳೆ ಎಲ್ಲಿಂದ ಬರಬೇಕು! ಬೆಂಚಿನ ಆ ತುದಿಗೆ ಕುಳಿತರು. ಮರುದಿನ ತಮ್ಮ ಬಂದು ಕರೆಂಟಿನ ಮೀಟರು ನೋಡಿ ಈ ತುದಿಗೆ ಕುಳಿತರು. ಆಮೇಲೆ ದಿನಾ ಹತ್ತು ಗಂಟೆಗೆ ಇಬ್ಬರೂ ಹಾಜರು. ನಡುವಿನ ಸೀಟು ಖಾಲಿ. ಆಫೀಸಿನ ಪೇಪರನ್ನು ಅಣ್ಣ ಓದಿ ಆ ಖಾಲಿ ಸೀಟಿನ ಮೇಲೆ ಇಡುತ್ತಿದ್ದರು, ತಮ್ಮ ಎತ್ತಿಕೊಳ್ಳುತ್ತಿದ್ದರು. ಒಂದು ಗಂಟೆಗೆ ಇಬ್ಬರೂ ಎದ್ದು ಊಟಕ್ಕೆ ಹೋಗುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು, ಒಂದು ಮಾತೂ ಇಲ್ಲದೆ.

ಕಂಪನಿಗೆ ಕೊಟ್ಟೂರಿನ ಆ ಬೀದಿ ಇಕ್ಕಟ್ಟಾಯಿತು. ಪೈಪಿನ ಲಾರಿ ತಿರುಗುತ್ತಿರಲಿಲ್ಲ. ಹಡಗಲಿ ಕಡೆಯ ಡೀಲರುಗಳಿಗೂ ಹಗರಿಬೊಮ್ಮನಹಳ್ಳಿಯೇ ಹತ್ತಿರ. ಅಲ್ಲಿ ಮೇನ್ ರೋಡಿನಲ್ಲಿ ಜಾಗ ನೋಡಿದೆ, ಮ್ಯಾನೇಜರಿಗೆ ಹಿಡಿಸಿತು. ಇಬ್ಬರು ಮಾಲೀಕರಿಗೂ ನೋಟಿಸು ಕೊಟ್ಟೆ. ಇಂಥ ನೋಟಿಸು ನೂರಾರು ಕೊಟ್ಟಿದ್ದೇನೆ.

ನಾಲ್ಕು ದಿನಕ್ಕೆ ಅಣ್ಣ ಬಸ್ಸು ಹಿಡಿದು ಕೂಡ್ಲಿಗಿಗೆ ಬಂದರು. ಎಪ್ಪತ್ತು ದಾಟಿದ ಮನುಷ್ಯ. ನನ್ನ ಅಂಗಡಿಯ ಮೆಟ್ಟಿಲು ಹತ್ತಿ ದಣಿದು ಕುಳಿತರು. ನೀರು ಕೊಟ್ಟೆ.

"ಆ ಬೆಂಚು ಬಿಟ್ಟು ಹೋಗ್ತಾರೇನ್ರಿ ಅಕ್ಕಾರ?" ಎಂದರು.

"ಇಲ್ರಿ ಯಜಮಾನ್ರ. ಕಂಪನಿ ಸಾಮಾನು. ನಂಬರಿನ ಚೀಟಿ ಅಂಟಿಸ್ಯಾರ. ಯಾಕ್ರಿ, ನಿಮ್ಮ ಮನ್ಯಾಗ ಕುರ್ಚಿ ಇಲ್ಲೇನು?"

ನಗೆಯಾಡಿದೆನೆಂದು ನಾನು ತಿಳಿದಿದ್ದೆ. ಅವರು ನಗಲಿಲ್ಲ. ಮೊಣಕಾಲು ಸವರಿಕೊಂಡರು. "ಹಂಗಾದ್ರ ಆ ಗೋಡಿ ಕಟ್ಟಬ್ಯಾಡ್ರಿ. ಹಂಗ ಬಿಡ್ರಿ. ಒಂದ ಹಾಲ್ ಇದ್ರ ಒಂದ ಬಾಗಿಲ್ದಾಗ ಹೋಗಿ ಬಂದು ಮಾಡಬಹುದು. ಗೋಡಿ ಬಂತಂದ್ರ ಅವ ಅತ್ತಾಗ, ನಾ ಇತ್ತಾಗ. ನಾ ಯಾವ ನೆವ ಮಾಡ್ಕೊಂಡು ಅವನ ಕಡಿ ಹೋಗ್ಲಿ?"

"ಇದನ್ನ ನಿಮ್ಮ ತಮ್ಮಗ ಹೇಳ್ರಿ."

"ಅವನ ಕೂಡ ಮಾತಿಲ್ಲಲ್ಲ್ರಿ."

ನನಗೆ ರೇಗಿತು. ಆರು ವರ್ಷ ಒಂದೇ ಬೆಂಚಿನ ಮೇಲೆ ಕೂತು ಎದ್ದವರಿಗೆ ಇಷ್ಟು ಹೇಳಲು ನಾನು ಬೇಕೆ? ಆದರೂ ತಮ್ಮನಿಗೆ ಫೋನ್ ಮಾಡಿದೆ. ಆತ ಕರಾರಿನ ಮನುಷ್ಯ. ನನಗಿಂತ ಒಂದು ಕೈ ಮೇಲು. "ಬರದದ್ದು ಏನೈತಿ ಅಷ್ಟು ಮಾಡ್ರಿ. ನಾಳೆ ನಾವಿಬ್ರೂ ಹೋದ ಮ್ಯಾಲ ಮಕ್ಕಳು ಗೆರಿ ಯಾವುದು ಅಂತ ಬಡದಾಡಬೇಕೇನು? ಗೋಡಿ ಆಗಬೇಕು" ಎಂದರು. ಅಣ್ಣ ಬಂದಿದ್ದನ್ನು ಹೇಳಿದೆ. "ಬಸ್ಸಿನ್ಯಾಗ ಬಂದಿದ್ನೇನು? ಸೀಟು ಸಿಕ್ಕಿತ್ತಂತೇನು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಫೋನ್ ಇಟ್ಟರು.

ಇಬ್ಬರಲ್ಲಿ ಒಬ್ಬರು ಬೇಕೆಂದರೂ ಕಂಪನಿ ಗೋಡೆ ಕಟ್ಟಲೇಬೇಕು. ಅಣ್ಣನಿಗೆ ಆಗುವುದಿಲ್ಲವೆಂದು ಹೇಳಿದೆ. ಅವರನ್ನು ಒಂದು ಸೂರಿನಡಿ ಕೂಡಿಸಿದ್ದು ನನ್ನ ಸ್ವಾರ್ಥ, ಈಗ ನಡುವೆ ಇಟ್ಟಿಗೆ ಇಡಿಸುವುದೂ ನನ್ನ ಕೆಲಸ. ಆ ದಿನ ನನ್ನ ಕೆಲಸ ನನಗೇ ಹೇಸಿಗೆಯಾಯಿತು. ಆದರೂ ಮೇಸ್ತ್ರಿಗೆ ಬರಹೇಳಿದೆ.

ಭಾನುವಾರ ಸಾಮಾನು ಹೋಯಿತು. ಬೆಂಚನ್ನು ಲಾರಿಗೆ ಹಾಕುವಾಗ ಅಣ್ಣ ರಸ್ತೆಯಲ್ಲಿ ನಿಂತಿದ್ದರು, ಹಗ್ಗ ಬಿಗಿಯಾಗಿದೆಯೇ ಎಂದು ಎಳೆದು ನೋಡಿದರು. ಬುಧವಾರ ಮೇಸ್ತ್ರಿ ಬಂದ. ನೆಲದ ಟೈಲ್ಸ್ ಒಂದು ಸಾಲು ಕಿತ್ತಾಗ ಹಳೆ ಗೋಡೆಯ ಬುಡ ಸಿಕ್ಕಿತು, ಅಳತೆಗೆ ಕೂದಲಷ್ಟೂ ತಪ್ಪಿರಲಿಲ್ಲ. ಅಣ್ಣ ತನ್ನ ಪಾಲಿನಲ್ಲಿ, ತಮ್ಮ ತನ್ನ ಪಾಲಿನಲ್ಲಿ, ಇಬ್ಬರೂ ಗೆರೆ ದಾಟದಂತೆ ನಿಂತರು. ಹಾಲ್‌ನಲ್ಲಿ ಕೂರಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಮೊಣಕಾಲ ಮಟ್ಟಕ್ಕೆ ಬಂತು. ಬೆಳಗಿನಿಂದ ನಿಂತೇ ಇದ್ದ ಅಣ್ಣನಿಗೆ ಸಾಕಾಗಿತ್ತು. ನೋಡನೋಡುತ್ತಲೇ ಹಸಿ ಗೋಡೆಯ ಮೇಲೆ ಕುಳಿತುಬಿಟ್ಟರು.

"ಅಯ್ಯಯ್ಯ, ಏಳ್ರಿ ಯಜಮಾನ್ರ! ಹಸಿ ಐತಿ, ಇಟ್ಟಂಗಿ ಜಾರ್ತಾವ!" ಎಂದು ಮೇಸ್ತ್ರಿ ಕೂಗಿದ.

ತಮ್ಮ ಒಂದು ಖಾಲಿ ಸಿಮೆಂಟ್ ಚೀಲ ಜಾಡಿಸಿ, ನಾಲ್ಕು ಮಡಿಕೆ ಮಾಡಿ ಮೇಸ್ತ್ರಿಯ ಕೈಗೆ ಕೊಟ್ಟರು. "ಇದನ್ನ ಹಾಸ್ಕೊಂಡು ಕುಂದರಾಕ ಹೇಳು. ಧೋತ್ರ ಹಾಳಾಕ್ಕೈತಿ."

ಅಣ್ಣ ಮೇಸ್ತ್ರಿಯ ಕಡೆಗೇ ನೋಡುತ್ತ ಹೇಳಿದರು, "ಆತು ಅನ್ನು. ಅವನೂ ಬೆಳಗಿನಿಂದ ನಿಂತಾನ. ಕುಂದ್ರು ಅನ್ನು."

"ನನಗೇನೂ ಕಾಲು ನೋವಿಲ್ಲ ಅನ್ನು."

"ಹೋದ ವರ್ಷ ಬಿದ್ದು ಉಳುಕಿದ್ದ ಕಾಲು ಯಾರದು ಅಂತ ಕೇಳು."

ಮೇಸ್ತ್ರಿ ಕರಣೆ ಎಸೆದ. "ಮೂರು ಮಾರು ದೂರ ಇಲ್ಲ, ಇಬ್ರೂ ಇಲ್ಲೇ ಅದೀರಿ! ನಾನೇನು ಮೈಕೇನ್ರಿ? ನೀವ ಮಾತಾಡ್ಕೊಳ್ರಿ, ಕಲಸಿದ ಸಿಮೆಂಟು ಗಟ್ಟಿ ಆಗಾಕತ್ತೈತಿ!" ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಮಾಳಿಗಿ ಮಟ ಏರಿಸ್ಲೋ ಹೆಂಗ? ನಿಮ್ಮ ಕಾಗದದಾಗ ಏನೈತಿ ನೋಡಿ ಹೇಳ್ರಿ."

ನನ್ನ ಕೈಚೀಲದಿಂದ ಕರಾರು ತೆಗೆದೆ. ಜಾಗ ಇತ್ತು. ದಪ್ಪ ಇತ್ತು. ಗಿಲಾವು, ಸುಣ್ಣ ಎಲ್ಲ ಇತ್ತು. ಎತ್ತರ ಇರಲಿಲ್ಲ. ಒಂಬತ್ತು ಇಂಚಿನ ಗಲಾಟೆಯಲ್ಲಿ ಎತ್ತರದ ಮಾತು ಯಾರೂ ಎತ್ತಿರಲಿಲ್ಲ. ಆರು ವರ್ಷ, ಪ್ರತಿ ಹನ್ನೊಂದು ತಿಂಗಳಿಗೆ ಅದೇ ಸಾಲನ್ನು ನಾನೇ ಹೊಸ ಕಾಗದಕ್ಕೆ ಇಳಿಸಿದ್ದೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಐದೂರಿಗೆ ಕರಾರಿನ ಪಾಠ ಹೇಳುವವಳು ನಾನು. ಮುಖಕ್ಕೆ ಹೊಡೆದಂತಾಯಿತು. ಸುಳ್ಳು ಹೇಳಿ ಮಾಳಿಗೆಯವರೆಗೆ ಎನ್ನಬಹುದಿತ್ತು. ಹೇಳಲಿಲ್ಲ.

"ಎತ್ತರ ಬರದಿಲ್ರಿ. ನನ್ನ ತಪ್ಪು" ಎಂದೆ.

"ಇನ್ನೊಮ್ಮೆ ಓದ್ರಿ" ಎಂದರು ತಮ್ಮ.

ಪೂರ್ತಿ ಓದಿದೆ. ಅವರು ಬಗ್ಗಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಜೇಬಿನಿಂದ ಟೇಪು ತೆಗೆದು ದಪ್ಪ ಅಳೆದರು. ಒಂಬತ್ತು ಇಂಚು, ಸರಿಯಾಗಿತ್ತು. ಆಮೇಲೆ ಸಿಮೆಂಟ್ ಚೀಲದ ಮೇಲೆ ಕುಳಿತಿದ್ದ ಅಣ್ಣನ ಬೆನ್ನನ್ನು ನೋಡಿದರು.

"ಹಂಗಾದ್ರ ಕರಾರಿನ ಪ್ರಕಾರ ಗೋಡಿ ಆತು" ಎಂದರು. "ಗಿಲಾವು ಹಾಕಿ ಸುಣ್ಣ ಹಚ್ಚು ಮೇಸ್ತ್ರಿ. ಮ್ಯಾಲ ನುಣ್ಣಗ ಮಾಡು. ತರೀ ಇರಬಾರದು."

ಸುಣ್ಣ ಒಣಗಿದ ಮೇಲೆ ಶನಿವಾರ ಇಬ್ಬರೂ ಸಹಿ ಹಾಕಿದರು. ಅಣ್ಣ ಅಲ್ಲೇ ಗೋಡೆಯ ಮೇಲೆ ಕುಳಿತು ಹಾಕಿದರು. ಗೋಡೆ ಕಟ್ಟಿಕೊಡಲಾಗಿದೆ ಎಂದು ನಾನು ಒಪ್ಪಿಗೆ ಪತ್ರದಲ್ಲಿ ಬರೆದೆ. ಮ್ಯಾನೇಜರ್ ಫೋಟೋ ಕಳಿಸಿ ಎಂದರು. ಬುಡ ಮಾತ್ರ ಕಾಣುವಂತೆ ತೆಗೆದು ಕಳಿಸಿದೆ.

ಈಗಿನ ನನ್ನ ತಲೆನೋವು ಬೇರೆ. ಆ ಜಾಗ ಖಾಲಿ ಬಿದ್ದಿದೆ. ರಕ್ತ ಪರೀಕ್ಷೆಯ ಲ್ಯಾಬಿನವರು ನೋಡಿದರು, ಟ್ಯೂಷನ್ನಿನವರು ನೋಡಿದರು, ಕೊರಿಯರಿನವರು ನೋಡಿದರು. ಎಲ್ಲರದೂ ಒಂದೇ ಪ್ರಶ್ನೆ, ಇದೆಂಥ ಗೋಡೆ? ಪೂರಾ ಇದ್ದರೆ ಒಂದು ಪಾಲನ್ನು ಕೊಡಬಹುದು, ಗೋಡೆಯೇ ಇಲ್ಲದಿದ್ದರೆ ಎರಡೂ ಪಾಲು ಕೊಡಬಹುದು. ಮೊಣಕಾಲೆತ್ತರದ ಗೋಡೆ ಇಟ್ಟುಕೊಂಡು ಯಾರು ಬಾಡಿಗೆಗೆ ಬರುತ್ತಾರೆ? ಒಮ್ಮೆ ಹೇಳದೇ ಕೇಳದೇ ಹೋದೆ, ಬೆಳಿಗ್ಗೆ ಹತ್ತೂವರೆಗೆ. ಶಟರು ಎತ್ತಿದ್ದರು. ಇಬ್ಬರೂ ಗೋಡೆಯ ಮೇಲೆ ಕುಳಿತಿದ್ದರು, ಒಬ್ಬರ ಕಾಲು ಆ ಪಾಲಿನಲ್ಲಿ, ಇನ್ನೊಬ್ಬರ ಕಾಲು ಈ ಪಾಲಿನಲ್ಲಿ. ನಡುವೆ ಪೇಪರಿತ್ತು. ಮಾತಾಡುತ್ತಿದ್ದರೋ ಇಲ್ಲವೋ ನನಗೆ ತಿಳಿಯದು, ನನ್ನ ಚಪ್ಪಲಿಯ ಸದ್ದಿಗೆ ಇಬ್ಬರೂ ತಿರುಗಿ ನೋಡಿದರು.

ಮೊನ್ನೆ ಲ್ಯಾಬಿನವರು ಮತ್ತೆ ಕೇಳಿದರು. ಒಳ್ಳೆಯ ಬಾಡಿಗೆ, ಎರಡೂ ಪಾಲು ಒಟ್ಟಿಗೆ. ತಮ್ಮನಿಗೆ ಫೋನ್ ಮಾಡಿದೆ. ಗೋಡೆ ತೆಗೆಸೋಣ ಎಂದೆ, ಬ್ಯಾಡ ಎಂದರು. ಮಾಳಿಗೆ ಮುಟ್ಟುವವರೆಗೆ ಕಟ್ಟಿಸೋಣ ಎಂದೆ, ಅದೂ ಬ್ಯಾಡ ಎಂದರು. ನನ್ನ ತಾಳ್ಮೆ ತಪ್ಪಿತು. "ಏನ್ರಿ ನೀವು! ತಿಂಗಳಾ ಬರೋ ಬಾಡಿಗಿ ಬಿಟ್ಟು ಇಟ್ಟಂಗಿ ಕಾಯ್ತೀರೇನು? ಆ ಮೊಂಡು ಗೋಡಿಯಿಂದ ಯಾರಿಗೇನು ಉಪಯೋಗ ಐತಿ, ಅದನ್ನರ ಹೇಳ್ರಿ!" ಎಂದು ಜೋರು ಮಾಡಿದೆ.

ಅವರು ಸಿಟ್ಟಾಗಲಿಲ್ಲ. ನನಗೆ ಅಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಕೇಳಿದರು, "ತೆಗದ್ರ ಅಣ್ಣ ಎಲ್ಲಿ ಕುಂದರಬೇಕ್ರಿ?"